ಕನ್ನಂಬಾಡಿಯ ಕಲ್ಲು ಕಲಿಸುವ ಪಾಠ



ನೀವು ಅರಕಲಗೂಡಿನವರಾಗಿದ್ದರೆ ಕಾವೇರಿ ನಿಮಗೆ ಹೊಸಬಳಲ್ಲ. ಕೊಣನೂರು, ರಾಮನಾಥಪುರಗಳ ಬಳಿ ನಿಮ್ಮ ತಾಲೂಕಿನ ಹೊಲಗದ್ದೆಗಳ ಮಗ್ಗುಲಲ್ಲೇ ಅವಳು ಹರಿದು ಹೋಗುತ್ತಾಳೆ. ಹೊಳೆನರಸೀಪುರದವರಾಗಿದ್ದರೆ ನಿಮ್ಮ ಊರಿನ ಹೊಳೆ ಹೇಮಾವತಿ. ಈ ಎರಡೂ ಹೊಳೆಗಳ ನೀರು ಕೊನೆಗೆ ಹೋಗಿ ಸೇರುವುದು ಕನ್ನಂಬಾಡಿಯ ಜಲಾಶಯಕ್ಕೆ. ನಾವೆಲ್ಲ ಒಮ್ಮೆಯಾದರೂ ಮನೆಮಂದಿಯೊಡನೆ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿರುತ್ತೇವೆ. ಮಕ್ಕಳು ಕಾರಂಜಿ ನೋಡಲು ಓಡುತ್ತಾರೆ, ಹಿರಿಯರು ನೆರಳು ಹುಡುಕುತ್ತಾರೆ. ಆದರೆ ಅಣೆಕಟ್ಟಿನ ಪ್ರವೇಶದ್ವಾರದ ಬಳಿ ಇಟ್ಟಿರುವ ಪರ್ಷಿಯನ್ ಬರಹದ ಒಂದು ಹಳೆಯ ಕಲ್ಲಿನ ಮುಂದೆ ನಿಂತು, ಅದು ಏನನ್ನು ಹೇಳುತ್ತಿದೆ ಎಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಅದು ಹಝ್ರತ್ ಟಿಪ್ಪು ಸುಲ್ತಾನರು ಕೆತ್ತಿಸಿದ ಕಲ್ಲು. ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆಯ ಅಡಿಪಾಯ ಹಾಕಿದಾಗ ಅವರು ಅದನ್ನು ಬರೆಸಿದರು. ಈ ಕೆಲಸವನ್ನು ಆರಂಭಿಸುವುದಷ್ಟೇ ತಮ್ಮ ಪಾಲಿಗೆ ಬಂದದ್ದು, ಅದನ್ನು ಪೂರ್ಣಗೊಳಿಸುವುದು ಅಲ್ಲಾಹನ ಕೈಯಲ್ಲಿದೆ ಎಂಬ ಅರ್ಥದ ಮಾತು ಅದರಲ್ಲಿದೆ.

ಸ್ವಲ್ಪ ಆಲೋಚಿಸಿ ನೋಡಿ. ಇದನ್ನು ಬರೆಸಿದ್ದು ಗುಹೆಯಲ್ಲಿ ಕುಳಿತ ವಿರಾಗಿಯಲ್ಲ. ಹುಲಿಯನ್ನು ತನ್ನ ಲಾಂಛನ ಮಾಡಿಕೊಂಡ ದೊರೆ. ಸಿಂಹಾಸನದಲ್ಲಿ, ಖಡ್ಗದ ಹಿಡಿಯಲ್ಲಿ, ಫಿರಂಗಿಯ ಬಾಯಲ್ಲಿ, ಸೈನಿಕರ ಉಡುಪಿನಲ್ಲಿ ಹುಲಿಯನ್ನೇ ಮೂಡಿಸಿದವರು. ಅಂತಹವರ ಬಾಯಿಂದ ಮುಕ್ತಾಯ ನನ್ನದಲ್ಲ ಎಂಬ ಮಾತು ಬರಬೇಕಾದರೆ ನಡುವೆ ಏನೋ ನಡೆದಿರಬೇಕಲ್ಲವೇ? ಏನು ನಡೆಯಿತೆಂಬುದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಇದು ಅವರ ಯುದ್ಧಗಳ ಪೂರ್ಣ ಚರಿತ್ರೆಯಲ್ಲ. ತನ್ನ ತೋಳ್ಬಲವನ್ನು ನೆಚ್ಚಿದ ಒಬ್ಬ ಮನುಷ್ಯ ಪ್ರಭುವಿನ ಕಡೆಗೆ ಮುಖ ತಿರುಗಿಸಿದ ಕಥೆ.

ಪ್ರಾರ್ಥನೆಯಿಂದ ಬಂದ ಮಗು

ಟಿಪ್ಪು ಸುಲ್ತಾನರು ಹುಟ್ಟಿದ್ದು 1750ರ ನವೆಂಬರ್‌ನಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಆಗ ಮೈಸೂರಿನ ಸೈನ್ಯದಲ್ಲಿ ಮೇಲೇರುತ್ತಿದ್ದ ಒಬ್ಬ ಸೇನಾನಿ. ತಾಯಿ ಫಾತಿಮಾ ಫಖ್ರುನ್ನಿಸಾ. ಸಂತಾನಕ್ಕಾಗಿ ಅಲ್ಲಾಹನಲ್ಲಿ ಮೊರೆಯಿಟ್ಟ ದಂಪತಿಗೆ ದೊರೆತ ಮಗು ಇದು. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರ ಹೆಸರನ್ನೇ ಮಗುವಿಗೆ ಇಟ್ಟರೆಂದು ಚರಿತ್ರೆಕಾರರು ಬರೆದಿದ್ದಾರೆ.

ಹೈದರ್ ಅಲಿಯವರಿಗೆ ಓದುಬರಹ ಬರುತ್ತಿರಲಿಲ್ಲ. ತನಗಿಲ್ಲದ ವಿದ್ಯೆ ಮಗನಿಗಿರಲಿ ಎಂದು ಅವರು ಒಳ್ಳೆಯ ಉಸ್ತಾದರನ್ನು ನೇಮಿಸಿದರು. ಪವಿತ್ರ ಕುರ್‌ಆನ್, ಧರ್ಮಶಾಸ್ತ್ರ, ಪರ್ಷಿಯನ್ ಇತ್ಯಾದಿಗಳ ಜೊತೆಗೆ ಕುದುರೆ ಸವಾರಿ, ಕತ್ತಿವರಸೆಗಳೂ ಕಲಿಕೆಯಲ್ಲಿದ್ದವು. ಆದರೆ ಕಾಲ ಯುದ್ಧದ ಕಾಲ. ಹದಿನೇಳರ ಪ್ರಾಯದಲ್ಲೇ, 1767ರಲ್ಲಿ, ಕುದುರೆ ಪಡೆಯೊಂದಿಗೆ ಮದರಾಸಿನ ಹೊರವಲಯದವರೆಗೆ ನುಗ್ಗಿ ಇಂಗ್ಲಿಷರಲ್ಲಿ ನಡುಕ ಹುಟ್ಟಿಸಿದ ತರುಣ ಅವರು. ಪುಸ್ತಕ ಒಂದು ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿದ್ದ ಕತ್ತಿಯೇ ದಿನದಿನಕ್ಕೂ ಭಾರವಾಗುತ್ತಾ ಹೋಯಿತು.

ಗೆಲುವಿನ ಮೇಲೆ ಗೆಲುವು

1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆ ನಾಶವಾಯಿತು. ಆ ಜಯದಲ್ಲಿ ಟಿಪ್ಪು ಅವರ ಪಾಲು ದೊಡ್ಡದು. ಮೈಸೂರಿನ ಕಬ್ಬಿಣದ ಕೊಳವೆಯ ಅಗ್ನಿಬಾಣಗಳು ಅಂದು ಜಗತ್ತಿನ ಗಮನ ಸೆಳೆದವು. 1782ರ ಡಿಸೆಂಬರ್‌ನಲ್ಲಿ ತಂದೆ ಚಿತ್ತೂರಿನ ಬಳಿ ಪಾಳೆಯದಲ್ಲೇ ತೀರಿಕೊಂಡಾಗ ರಾಜ್ಯದ ಹೊಣೆ ಮಗನ ಹೆಗಲೇರಿತು. ಒಂದೂಕಾಲು ವರ್ಷದಲ್ಲಿ, 1784ರ ಮಾರ್ಚ್‌ನಲ್ಲಿ, ಇಂಗ್ಲಿಷರು ಮಂಗಳೂರಿಗೆ ಬಂದು ಒಪ್ಪಂದಕ್ಕೆ ಸಹಿ ಹಾಕಿದರು. ಇಂಗ್ಲಿಷ್ ಕಂಪೆನಿಯನ್ನು ಸರಿಸಮಾನವಾಗಿ ಕೂರಿಸಿ ಮಾತನಾಡಿದ ಇಂತಹ ದೊರೆ ಅಂದಿನ ಹಿಂದುಸ್ತಾನದಲ್ಲಿ ಬೇರೊಬ್ಬರು ಸಿಗುವುದು ಕಷ್ಟ.

ಬಳಿಕ ಅವರು ಪಾದುಷಾ ಎಂಬ ಬಿರುದು ಧರಿಸಿದರು. ಹೊಸ ನಾಣ್ಯಗಳು ಬಂದವು, ಹೊಸ ಅಳತೆಗಳು ಬಂದವು. ಪ್ರವಾದಿವರ್ಯರ(ಸ) ಜನನದಿಂದ ಎಣಿಸುವ ಹೊಸ ಶಕೆಯೂ ಬಂತು. ಊರುಗಳ ಹೆಸರುಗಳು ಬದಲಾದವು. ಶ್ರೀರಂಗಪಟ್ಟಣದಲ್ಲಿ ಎರಡು ಎತ್ತರದ ಮಿನಾರುಗಳ ಮಸ್ಜಿದೆ ಆಲಾ ತಲೆಯೆತ್ತಿತು. ಸುಲ್ತಾನರು ನಮಾಝ್ ಬಿಟ್ಟವರಲ್ಲ, ಮದ್ಯ ಮುಟ್ಟಿದವರಲ್ಲ. ಆದರೆ ಓದುಗರೇ, ಇಲ್ಲೊಂದು ಸೂಕ್ಷ್ಮವಿದೆ. ನಮಾಝ್ ಮಾಡುವವನೂ ತನ್ನ ಬಲವನ್ನೇ ನೆಚ್ಚಿಕೊಂಡಿರಲು ಸಾಧ್ಯ. ಹಣೆ ನೆಲ ಮುಟ್ಟುತ್ತದೆ, ಮನಸ್ಸು ಮಾತ್ರ ತನ್ನ ಫಿರಂಗಿಗಳನ್ನು ಎಣಿಸುತ್ತಿರುತ್ತದೆ. ಸುಲ್ತಾನರ ಹೃದಯದಲ್ಲಿ ಏನಿತ್ತೆಂಬುದನ್ನು ಅಲ್ಲಾಹನೇ ಬಲ್ಲ. ಆದರೆ ಅವರ ಹೆಜ್ಜೆಗಳು ಯಾವ ಕಡೆಗೆ ಹೋದವೆಂಬುದು ಚರಿತ್ರೆಯಲ್ಲಿ ದಾಖಲಾಗಿದೆ.

ಕಂದಕದಲ್ಲಿ ಕಳೆದುಹೋದ ಮುದ್ರೆ

1789ರ ಡಿಸೆಂಬರ್ ತಿಂಗಳ ಕೊನೆ. ತಿರುವಾಂಕೂರಿನ ರಾಜನು ತನ್ನ ಗಡಿಯಲ್ಲಿ ನೆಡುಂಕೋಟ್ಟ ಎಂಬ ಉದ್ದನೆಯ ಮಣ್ಣಿನ ಕೋಟೆಯನ್ನು ಕಟ್ಟಿಸಿದ್ದನು. ಅದರ ಮುಂದೆ ಆಳದ ಕಂದಕ, ಸುತ್ತ ಮುಳ್ಳುಬಿದಿರಿನ ದಟ್ಟ ಬೇಲಿ. ಇಂಗ್ಲಿಷರು ಆ ರಾಜನ ಮಿತ್ರರಾಗಿದ್ದರು. ಅವನ ಮೇಲೆ ಕೈಮಾಡಿದರೆ ಇಂಗ್ಲಿಷರ ಮೇಲೆ ಕೈಮಾಡಿದಂತೆ ಎಂಬುದು ಎಲ್ಲರಿಗೂ ತಿಳಿದಿತ್ತು. ನಿಜಾಮನಾಗಲಿ, ಪುಣೆಯ ಮರಾಠರಾಗಲಿ ಮೈಸೂರಿಗೆ ಹಿತವರಾಗಿರಲಿಲ್ಲ. ಆದರೂ ಸುಲ್ತಾನರು ಕಾಯಲಿಲ್ಲ. ಸ್ವತಃ ಮುಂದೆ ನಿಂತು ರಾತ್ರೋರಾತ್ರಿ ದಾಳಿ ನಡೆಸಿದರು.

ಬೆಳಗಾಗುವ ಹೊತ್ತಿಗೆ ಕೋಟೆಯ ಒಂದು ಭಾಗ ಕೈವಶವಾಗಿತ್ತು. ಗೆಲುವು ಕಣ್ಣೆದುರೇ ಇತ್ತು. ಅಷ್ಟರಲ್ಲಿ ಮರೆಯಲ್ಲಿ ಅಡಗಿದ್ದ ಎದುರಾಳಿಗಳ ಒಂದು ಚಿಕ್ಕ ಗುಂಪು ಪಕ್ಕದಿಂದ ಗುಂಡು ಹಾರಿಸಿತು. ಮುಂದಿನ ಸಾಲು ಹಿಂದಕ್ಕೆ ತಿರುಗಿತು, ಹಿಂದಿನ ಸಾಲು ದಿಕ್ಕೆಟ್ಟಿತು. ಇಕ್ಕಟ್ಟಿನ ಜಾಗದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು, ಅಷ್ಟು ದೊಡ್ಡ ಸೈನ್ಯ ಕಂದಕದೊಳಗೆ ಕುಸಿಯಿತು. ಸುಲ್ತಾನರನ್ನು ಅವರ ಸೇವಕರು ಹೇಗೋ ಹೊತ್ತು ದಾಟಿಸಿದರು. ಅವರ ಪಲ್ಲಕ್ಕಿ, ಖಡ್ಗ, ರಾಜಮುದ್ರೆಗಳು ಶತ್ರುಗಳ ಪಾಲಾದವು.

ಇದು ಒಂದು ಎಚ್ಚರಿಕೆಯಾಗಿತ್ತು. ಆದರೆ ಮನುಷ್ಯ ಮೊದಲ ಎಚ್ಚರಿಕೆಗೆ ಎಚ್ಚತ್ತುಕೊಳ್ಳುವುದು ಅಪರೂಪ. ಸೋಲಿನ ಅವಮಾನವನ್ನು ತೊಳೆಯಲೇಬೇಕೆಂದು ಸುಲ್ತಾನರು ಮತ್ತಷ್ಟು ಸೈನ್ಯ, ಮತ್ತಷ್ಟು ಫಿರಂಗಿ ತರಿಸಿದರು. 1790ರ ಏಪ್ರಿಲ್‌ನಲ್ಲಿ ನೆಡುಂಕೋಟ್ಟ ಒಡೆಯಿತು. ಗೆಲುವಾಯಿತು ನಿಜ. ಆದರೆ ಆ ಗೆಲುವಿನ ಬೆನ್ನಿಗೇ ಇಂಗ್ಲಿಷರು, ನಿಜಾಮ, ಮರಾಠರು ಮೂವರೂ ಒಂದಾಗಿ ಮೈಸೂರಿನ ಮೇಲೆ ಬಿದ್ದರು.

ಮಳೆ ತಂದ ಬಿಡುವು

1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಇಂಗ್ಲಿಷರ ವಶವಾಯಿತು. ಅದರ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದರು. ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸ್ವತಃ ಶ್ರೀರಂಗಪಟ್ಟಣದ ಹೊಸ್ತಿಲಿಗೆ ಬಂದು, ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಮೇಲುಗೈ ಸಾಧಿಸಿದನು. ರಾಜಧಾನಿ ಇನ್ನೇನು ಬಿದ್ದೇಹೋಯಿತು ಎನ್ನುವ ಸ್ಥಿತಿ.

ಆಗ ಮಳೆ ಬಂತು. ಕೊಡಗಿನ ಬೆಟ್ಟಗಳಲ್ಲಿ ಸುರಿದು, ಈಗಿನ ಅರಕಲಗೂಡು ತಾಲೂಕಿನ ದಡಗಳನ್ನು ತೊಯ್ಸಿ ಬರುವ ಆ ಕಾವೇರಿ ಉಕ್ಕಿತು. ಇಂಗ್ಲಿಷರ ಪಾಳೆಯದಲ್ಲಿ ಅಕ್ಕಿಯಿಲ್ಲ, ಎತ್ತುಗಳಿಗೆ ಮೇವಿಲ್ಲ, ರೋಗ ಬೇರೆ ಹಬ್ಬಿತ್ತು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಹೊಳೆ ದಾಟುವ ಜಾಗ ಹುಡುಕುತ್ತಾ ಕನ್ನಂಬಾಡಿಯವರೆಗೆ ಹೋಗಿದ್ದ ಕಾರ್ನ್‌ವಾಲಿಸ್, ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ಅಲ್ಲೇ ತನ್ನ ಕೈಯಾರೆ ನಾಶಮಾಡಿ ಹಿಂದಿರುಗಬೇಕಾಯಿತು.

ಓದುಗರೇ, ಸುಲ್ತಾನರ ಯಾವ ದಳಪತಿ ಈ ಗೆಲುವನ್ನು ತಂದುಕೊಟ್ಟನು? ಯಾವ ಅಗ್ನಿಬಾಣ? ಮೋಡಗಳ ಒಡೆಯನು ಬಿಡುವು ಕೊಟ್ಟನು, ಅಷ್ಟೇ. ನಮ್ಮ ಬದುಕಿನಲ್ಲೂ ಇಂತಹ ಬಿಡುವುಗಳು ಬರುತ್ತವೆ. ವಾಸಿಯಾಗದೆಂದುಕೊಂಡ ಕಾಯಿಲೆ ವಾಸಿಯಾಗುತ್ತದೆ, ಹರಾಜಿಗೆ ಬಂದ ಹೊಲ ಉಳಿಯುತ್ತದೆ. ಆಗ ನಾವು ಎರಡು ದಿನ ಅಲ್ಹಮ್ದುಲಿಲ್ಲಾಹ್ ಎನ್ನುತ್ತೇವೆ. ಮೂರನೆಯ ದಿನ ಅದನ್ನು ನಮ್ಮ ಜಾಣತನದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಬಿಡುವು ಕೊಟ್ಟದ್ದು ತಿದ್ದಿಕೊಳ್ಳಲೆಂದು ಎಂಬುದೇ ಮರೆತುಹೋಗುತ್ತದೆ.

ಮಕ್ಕಳನ್ನು ಒಪ್ಪಿಸಿದ ದಿನ

ಮಳೆಗಾಲ ಕಳೆಯಿತು. ಅಕ್ಟೋಬರ್‌ನಲ್ಲಿ ನಂದಿದುರ್ಗ ಬಿತ್ತು. ಯಾರೂ ಹತ್ತಲಾರರೆಂದು ನಂಬಿದ್ದ ಸಾವನದುರ್ಗ ಡಿಸೆಂಬರ್‌ನಲ್ಲಿ ಬಿತ್ತು. ಬಂಡೆಯ ಮೇಲೆ ಕಟ್ಟಿದ ಕೋಟೆಗಳೂ ಆಸರೆಯಾಗಲಿಲ್ಲ. 1792ರ ಫೆಬ್ರವರಿ 6ರ ರಾತ್ರಿ ಬೆಳುದಿಂಗಳಿನಲ್ಲಿ ಮೂರು ದಂಡುಗಳಾಗಿ ಬಂದ ಇಂಗ್ಲಿಷರು ಶ್ರೀರಂಗಪಟ್ಟಣದ ಹೊರ ಪಾಳೆಯವನ್ನು ಮುರಿದು ದ್ವೀಪದೊಳಗೆ ಕಾಲಿಟ್ಟರು.

ಕೊನೆಗೆ ಬಂದ ಷರತ್ತುಗಳು ಹೀಗಿದ್ದವು: ರಾಜ್ಯದ ಅರ್ಧ ಭಾಗ ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಅದರಲ್ಲಿ ಅರ್ಧವನ್ನು ಕೂಡಲೇ, ಉಳಿದದ್ದನ್ನು ಕಂತುಗಳಲ್ಲಿ. ಅದು ಸಲ್ಲುವವರೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಇಡಬೇಕು.

ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮುಈಝುದ್ದೀನ್ ಎಂಬ ಇಬ್ಬರು ಮಕ್ಕಳು ಆನೆಗಳ ಮೇಲೆ ಕೋಟೆಯ ಬಾಗಿಲು ದಾಟಿ ಶತ್ರುವಿನ ಪಾಳೆಯಕ್ಕೆ ಹೋದರು. ಇಬ್ಬರೂ ಇನ್ನೂ ಆಟವಾಡುವ ವಯಸ್ಸಿನ ಬಾಲಕರು. ಕಾರ್ನ್‌ವಾಲಿಸ್ ತನ್ನ ಡೇರೆಯ ಬಾಗಿಲಿಗೆ ಬಂದು ಅವರನ್ನು ಬರಮಾಡಿಕೊಂಡು ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟನು. ಗಡಿಯಾರ ಮಕ್ಕಳಿಗೆ ಖುಷಿ ಕೊಟ್ಟಿರಬಹುದು. ಅರಮನೆಯಲ್ಲಿದ್ದ ತಾಯಂದಿರ ಪಾಡನ್ನು ನೀವೇ ಊಹಿಸಿಕೊಳ್ಳಿ. ಮಗನನ್ನು ಹಾಸ್ಟೆಲಿಗೆ ಬಿಟ್ಟು ಬಂದ ರಾತ್ರಿ ನಮ್ಮ ಮನೆಗಳಲ್ಲಿ ಊಟ ಸೇರುವುದಿಲ್ಲ. ಇವರು ಬಿಟ್ಟದ್ದು ವೈರಿಯ ಕೈಯಲ್ಲಿ.

ಹಗೆಗಳನ್ನು ನಡುಗಿಸಿದ ತೋಳುಗಳಿಗೆ ಆ ದಿನ ತನ್ನ ಮಕ್ಕಳನ್ನು ತಡೆದು ನಿಲ್ಲಿಸುವ ಶಕ್ತಿ ಇರಲಿಲ್ಲ.

ಮಂಚ ಬಿಟ್ಟ ಸುಲ್ತಾನ

ಈ ಸೋಲಿನ ನಂತರ ಸುಲ್ತಾನರು ಮಂಚದ ಮೇಲೆ ಮಲಗುವುದನ್ನು ಬಿಟ್ಟರು ಎಂದು ಅವರ ಆಸ್ಥಾನದಲ್ಲಿದ್ದ ಚರಿತ್ರೆಕಾರ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಬರೆದಿದ್ದಾರೆ. ಅಂದಿನಿಂದ ಸಾಯುವವರೆಗೆ ನೆಲದ ಮೇಲೆ ಒರಟು ಬಟ್ಟೆ ಹಾಸಿಕೊಂಡು ಮಲಗುವುದು ಅವರ ರೂಢಿಯಾಯಿತು. ಮಖ್ಮಲ್ಲಿನ ಹಾಸಿಗೆಗೆ ಕೊರತೆಯಿದ್ದ ಅರಮನೆಯೇನಲ್ಲ ಅದು. ನೆಲ ಅವರು ಆರಿಸಿಕೊಂಡದ್ದು.

ನೆಲದ ಮೇಲೆ ಮಲಗಿದ ಮಾತ್ರಕ್ಕೆ ಯಾರೂ ಅಲ್ಲಾಹನಿಗೆ ಹತ್ತಿರವಾಗುವುದಿಲ್ಲ. ಸೇಡಿನ ಶಪಥಕ್ಕಾಗಿಯೂ ಮನುಷ್ಯ ನೆಲದಲ್ಲಿ ಮಲಗಬಹುದು. ಸುಲ್ತಾನರಲ್ಲಿ ಎರಡೂ ಬೆರೆತಿದ್ದಿರಬಹುದು. ಆದರೆ ಆ ನೆಲ ಒಂದು ಸತ್ಯವನ್ನು ದಿನವೂ ನೆನಪಿಸುತ್ತಿತ್ತು. ಬಂದದ್ದು ಮಣ್ಣಿನಿಂದ, ಹೋಗುವುದು ಮಣ್ಣಿಗೆ. ನಡುವಿನ ಸಿಂಹಾಸನ ಎರಡು ದಿನದ್ದು.

ಇಲ್ಲಿ ನಮಗೆ ಹುನೈನ್ ನೆನಪಾಗುತ್ತದೆ. ಹಿಜರಿ 8ನೇ ವರ್ಷ. ಮಕ್ಕಾ ವಿಜಯವಾಗಿ ಕೆಲವೇ ದಿನಗಳಾಗಿದ್ದವು. ಹನ್ನೆರಡು ಸಾವಿರ ಮಂದಿಯ ಸೈನ್ಯ ಹವಾಝಿನ್ ಗೋತ್ರದವರ ಎದುರು ಹೊರಟಿತು. ಬದ್ರ್‌ನಲ್ಲಿ ಮುನ್ನೂರ ಚಿಲ್ಲರೆ ಮಂದಿಯಿದ್ದವರಿಗೆ ಈಗ ಹನ್ನೆರಡು ಸಾವಿರ! ಇನ್ನು ನಮ್ಮನ್ನು ಸೋಲಿಸುವವರಾರು ಎಂಬ ಭಾವನೆ ಕೆಲವರ ಮನಸ್ಸಿನಲ್ಲಿ ಸುಳಿಯಿತು. ಕಣಿವೆಯ ಇಕ್ಕಟ್ಟಿನಲ್ಲಿ ಬಾಣಗಳ ಮಳೆ ಸುರಿದಾಗ ಆ ದೊಡ್ಡ ಸೈನ್ಯವೇ ಚದುರಿತು. ವಿಶಾಲವಾದ ಭೂಮಿ ಅವರಿಗೆ ಇಕ್ಕಟ್ಟಾಯಿತು. ಪ್ರವಾದಿವರ್ಯರು(ಸ) ಮಾತ್ರ ಕೆಲವೇ ಸಂಗಾತಿಗಳೊಡನೆ ಕದಲದೆ ನಿಂತರು. ಹಝ್ರತ್ ಅಬ್ಬಾಸ್(ರ) ಎತ್ತರದ ದನಿಯಲ್ಲಿ ಕೂಗಿ ಕರೆದಾಗ ಚದುರಿದವರು ಮರಳಿ ಬಂದರು. ಮರಳಿ ಬಂದ ಮೇಲೆ ಜಯವೂ ಬಂತು. ಸಂಖ್ಯಾಬಲ ಅಂದು ಏನೂ ಪ್ರಯೋಜನಕ್ಕೆ ಬರಲಿಲ್ಲವೆಂಬ ಪಾಠವನ್ನು ಪವಿತ್ರ ಕುರ್‌ಆನ್‌ನ ತೌಬಾ ಅಧ್ಯಾಯ ಶಾಶ್ವತವಾಗಿ ದಾಖಲಿಸಿದೆ.

ಪ್ರವಾದಿಯವರ ಸಹವಾಸದಲ್ಲಿದ್ದವರಿಗೇ ಈ ಪಾಠ ಬೇಕಾಯಿತು. ಸುಲ್ತಾನರಿಗೆ ಬೇಕಾದದ್ದರಲ್ಲಿ, ನನಗೂ ನಿಮಗೂ ಬೇಕಾಗುವುದರಲ್ಲಿ ಆಶ್ಚರ್ಯವೇನು?

ಭರವಸೆಯೆಂದರೆ ಕೈಕಟ್ಟಿ ಕೂರುವುದಲ್ಲ

ಅಲ್ಲಾಹನ ಕಡೆಗೆ ಮರಳುವುದೆಂದರೆ ಕೆಲಸ ಬಿಟ್ಟು ಮೂಲೆ ಸೇರುವುದೆಂದು ಕೆಲವರು ತಿಳಿದಿದ್ದಾರೆ. ಒಂಟೆಯನ್ನು ಕಟ್ಟದೆಯೇ ಅಲ್ಲಾಹನ ಮೇಲೆ ಭಾರ ಹಾಕಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಅದನ್ನು ಕಟ್ಟಿ ಆಮೇಲೆ ಭರವಸೆಯಿಡುವಂತೆ ಪ್ರವಾದಿವರ್ಯರು(ಸ) ತಿಳಿಸಿದ್ದು ನಿಮಗೆ ಗೊತ್ತಿದೆ. 1792ರ ನಂತರದ ಸುಲ್ತಾನರ ಬದುಕಿನಲ್ಲಿ ಈ ಒಂಟೆ ಕಟ್ಟುವ ಕೆಲಸ ಬಿಡುವಿಲ್ಲದೆ ನಡೆಯಿತು.

ಒಪ್ಪಿಕೊಂಡ ಹಣ ಸಲ್ಲಿಸಿದರು. 1794ರಲ್ಲಿ ಮಕ್ಕಳು ಮರಳಿ ಬಂದರು. ದೇವನಹಳ್ಳಿಯಲ್ಲಿ, ತಾವು ಹುಟ್ಟಿದ ಊರಿನಲ್ಲೇ, ತಂದೆ ಅವರನ್ನು ಬರಮಾಡಿಕೊಂಡರು. ಹಾಸನ ಜಿಲ್ಲೆಯ ಸಕಲೇಶಪುರದ ಹತ್ತಿರ ಎಂಟು ಮೂಲೆಯ ನಕ್ಷತ್ರದಂತೆ ಕಾಣುವ ಮಂಜರಾಬಾದ್ ಕೋಟೆ 1792ರದ್ದೇ. ರೇಷ್ಮೆ ಸಾಕಣೆಗೆ ಈ ನಾಡಿನಲ್ಲಿ ಬುನಾದಿ ಹಾಕಿದವರೂ ಅವರೇ. ಅರ್ಧ ರಾಜ್ಯ ಕಳೆದುಕೊಂಡವನು ಉಳಿದ ಅರ್ಧಕ್ಕೆ ನೀರುಣಿಸುವ ಚಿಂತೆ ಮಾಡಿದನು.

ಆ ವರ್ಷಗಳಲ್ಲೇ ಹಾಕಿದ್ದು ಕನ್ನಂಬಾಡಿಯ ಕಟ್ಟೆಯ ಅಡಿಪಾಯ. ನೆನಪಿಡಿ, ಇಂಗ್ಲಿಷರು ತಮ್ಮ ಫಿರಂಗಿಗಳನ್ನು ನಾಶಮಾಡಿದ ಅದೇ ಊರು, ಅದೇ ಹೊಳೆ. ಒಮ್ಮೆ ತನ್ನ ರಾಜಧಾನಿಯನ್ನು ಉಳಿಸಿದ ಆ ನೀರನ್ನು ರೈತರ ಹೊಲಕ್ಕೆ ತಿರುಗಿಸುವ ಕೆಲಸ.

ಕಲ್ಲಿನ ಮೇಲೆ ಬರೆಸಿದ್ದನ್ನು ಇನ್ನೊಮ್ಮೆ ಗಮನಿಸಿ. ಖರ್ಚಾಗುವ ಲಕ್ಷಾಂತರ ಹಣ ಅಲ್ಲಾಹನ ಮಾರ್ಗದಲ್ಲಿ ಎಂದಿದೆ. ಸರಕಾರವೂ ಅವನು ಕೊಟ್ಟದ್ದು ಎಂದಿದೆ. ಈ ನೀರಿನಿಂದ ಹೊಸದಾಗಿ ಬೇಸಾಯ ಮಾಡುವವರಿಗೆ ಸರಕಾರದ ಪಾಲಿನಲ್ಲಿ ಕಾಲು ಭಾಗವನ್ನು ಅಲ್ಲಾಹನ ಹೆಸರಿನಲ್ಲಿ ಬಿಟ್ಟುಕೊಡಲಾಗಿದೆ. ಆ ಹೊಲ ಭೂಮಿ ಆಕಾಶಗಳಿರುವವರೆಗೆ ಅವರ ಮಕ್ಕಳು ಮೊಮ್ಮಕ್ಕಳಿಗೂ ಸಲ್ಲಬೇಕೆಂದಿದೆ. ಇದಕ್ಕೆ ಅಡ್ಡಿ ಬರುವವನನ್ನು ಮನುಕುಲದ ಶತ್ರುವೆಂದು ಕರೆಯಲಾಗಿದೆ. ಅಲ್ಲಾಹನ ಮೇಲಿನ ಭರವಸೆ ಮನಸ್ಸಿನಲ್ಲೇ ಉಳಿದರೆ ಅದರ ಗುರುತು ಸಿಗುವುದಿಲ್ಲ. ಅದು ಬಡ ರೈತನ ಕಂದಾಯದಲ್ಲಿ ಇಳಿಕೆಯಾಗಿ ಕಂಡಾಗ ಗುರುತು ಸಿಗುತ್ತದೆ.

ಕಲೆಗಳನ್ನೂ ನೋಡೋಣ

ಸುಲ್ತಾನರನ್ನು ನಾವು ಪ್ರೀತಿಸುತ್ತೇವೆ. ಪ್ರೀತಿ ಕಣ್ಣನ್ನು ಕುರುಡಾಗಿಸಬಾರದು. ಕೊಡಗಿನಲ್ಲಿ, ಮಲಬಾರಿನಲ್ಲಿ ಅವರ ದಂಡಯಾತ್ರೆಗಳಿಂದ ಸಾವಿರಾರು ಜನ ಮನೆಮಠ ಕಳೆದುಕೊಂಡರು, ಸೆರೆಯಾಳುಗಳಾಗಿ ದೂರದ ಊರಿಗೆ ಸಾಗಿಸಲ್ಪಟ್ಟರು. ಆ ನೋವನ್ನು ಅಲ್ಲಿನ ಜನ ಇಂದಿಗೂ ಮರೆತಿಲ್ಲ. ಮರೆಯಿರಿ ಎಂದು ಹೇಳುವ ಹಕ್ಕು ನಮಗಿಲ್ಲ. ಅದೇ ಸುಲ್ತಾನರು 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳಿಸಿ, ಗುರುಗಳಿಗೆ ಗೌರವದ ಪತ್ರಗಳನ್ನು ಬರೆದರು ಎಂಬುದೂ ಸತ್ಯ. ಒಬ್ಬನೇ ಮನುಷ್ಯನ ತಕ್ಕಡಿಯಲ್ಲಿ ಎರಡೂ ಇವೆ. ತೂಗುವವನು ನಾವಲ್ಲ, ತೀರ್ಪಿನ ದಿನದ ಒಡೆಯ.

ಇನ್ನೊಂದು ಕಲೆ ನಮ್ಮ ವಿಷಯಕ್ಕೆ ಹತ್ತಿರದ್ದು. ಮುಕ್ತಾಯ ಅಲ್ಲಾಹನದ್ದೆಂದು ಸಾರುವ ಅದೇ ಕಲ್ಲಿನಲ್ಲಿ ಗ್ರಹಗಳ ಶುಭಯೋಗದ ಮಾತೂ ಇದೆ. ತಮ್ಮ ಕೊನೆಯ ದಿನಗಳಲ್ಲೂ ಸುಲ್ತಾನರು ಜೋಯಿಸರ ಮಾತಿಗೆ ಕಿವಿಗೊಟ್ಟರೆಂದು ಬರೆದವರಿದ್ದಾರೆ. ಮನುಷ್ಯನ ಮರಳುವಿಕೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಒಂದು ಊರುಗೋಲನ್ನು ಎಸೆದು ಇನ್ನೊಂದಕ್ಕೆ ಕೈಚಾಚುವ ಚಾಳಿ ನಮ್ಮೆಲ್ಲರಲ್ಲೂ ಇದೆ. ಗಿಣಿಶಾಸ್ತ್ರ, ತಾಯಿತ, ಒಳ್ಳೆಯ ಘಳಿಗೆ ಎಂದು ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿದವರು ಸುಲ್ತಾನರನ್ನು ಮಾತ್ರ ದೂರಲಾರರು.

ಅರ್ಧಕ್ಕೆ ನಿಂತ ಕೆಲಸ

1799ರ ಮೇ 4. ಶ್ರೀರಂಗಪಟ್ಟಣದ ಗೋಡೆ ಒಡೆದಿತ್ತು. ಸುಲ್ತಾನರು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ನಿಷ್ಠಾವಂತ ಸೇನಾನಿ ಸೈಯದ್ ಗಫ್ಫಾರ್ ಗುಂಡಿಗೆ ಬಲಿಯಾದ ಸುದ್ದಿ ಬಂತು. ಅವರು ಅನ್ನ ಬಿಟ್ಟೆದ್ದು ಗೋಡೆಯ ಕಡೆಗೆ ನಡೆದರು. ಶರಣಾಗುವ ದಾರಿ ಅವರಿಗೆ ಬೇಡವಾಗಿತ್ತು. ಅಂದು ರಾತ್ರಿ ಕೋಟೆಯ ಬಾಗಿಲೊಂದರ ಬಳಿ, ಸಾಮಾನ್ಯ ಸಿಪಾಯಿಗಳ ಶವಗಳ ರಾಶಿಯ ನಡುವೆ, ದೀವಟಿಗೆಯ ಬೆಳಕಿನಲ್ಲಿ ಅವರ ದೇಹ ಸಿಕ್ಕಿತು. ಮರುದಿನ ಗುಂಬಝ್‌ನಲ್ಲಿ ತಂದೆತಾಯಿಯರ ಪಕ್ಕ ಅವರನ್ನು ಮಣ್ಣು ಮಾಡಿದರು. ಮಲಗುವ ಕೋಣೆಯಲ್ಲಿ ಅವರ ಕೈಬರಹದ ಒಂದು ಪುಸ್ತಿಕೆ ಸಿಕ್ಕಿತು. ತಾವು ಕಂಡ 37 ಕನಸುಗಳನ್ನು ಅದರಲ್ಲಿ ಯಾರಿಗೂ ತಿಳಿಯದಂತೆ ಬರೆದಿಟ್ಟುಕೊಂಡಿದ್ದರು. ಅದರಲ್ಲಿ ಗೆಲುವಿನ ಕನಸುಗಳೂ ಇದ್ದವು. ಅವು ನನಸಾಗಲಿಲ್ಲ.

ಕನ್ನಂಬಾಡಿಯ ಕಟ್ಟೆಯೂ ಪೂರ್ಣವಾಗಲಿಲ್ಲ. ರಾಜ್ಯ ಹೋಯಿತು, ದೊರೆ ಹೋದರು, ಕಲ್ಲು ಮಣ್ಣಿನಡಿ ಸೇರಿತು.

ಹಾಗಾದರೆ ಅಲ್ಲಾಹನಿಗೆ ಒಪ್ಪಿಸಿದ ಆ ಮುಕ್ತಾಯ ಏನಾಯಿತು?

ನೂರಕ್ಕೂ ಹೆಚ್ಚು ವರ್ಷಗಳ ನಂತರ, 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, ಅದೇ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ನೆಲ ಅಗೆಯುವಾಗ ಸುಲ್ತಾನರ ಕಲ್ಲು ಹೊರಬಂತು. ಯಾವ ಒಡೆಯರ ಮನೆತನದಿಂದ ಹೈದರ್ ಮತ್ತು ಟಿಪ್ಪು ಅಧಿಕಾರ ಕಸಿದುಕೊಂಡಿದ್ದರೋ ಅದೇ ಮನೆತನದ ದೊರೆಯ ಕಾಲದಲ್ಲಿ ಅಣೆಕಟ್ಟು ಎದ್ದು ನಿಂತಿತು. ಕಲ್ಲನ್ನು ಬಿಸಾಡಲಿಲ್ಲ, ಪ್ರವೇಶದ್ವಾರದಲ್ಲಿ ಗೌರವದಿಂದ ಇಟ್ಟರು. ಮಂಡ್ಯದ ಬಯಲು ಹಸಿರಾಯಿತು. ಆ ನೀರು ಕುಡಿಯುವ ಹೊಲ ಯಾರದೆಂದು ಜಾತಿಮತ ಕೇಳುವುದಿಲ್ಲ. ಇಂತಹ ಮುಕ್ತಾಯವನ್ನು ಸುಲ್ತಾನರು ತಮ್ಮ 37 ಕನಸುಗಳಲ್ಲೂ ಕಂಡಿರಲಾರರು.

ಇನ್ನು ನಮ್ಮ ಮಾತು

ಓದುಗರೇ, ನಮಗೆ ಸಿಂಹಾಸನವಿಲ್ಲ, ಫಿರಂಗಿಗಳಿಲ್ಲ. ಆದರೆ ನಮಗೂ ಒಂದೊಂದು ನೆಡುಂಕೋಟ್ಟ ಇದೆ. ಒಬ್ಬರು ಶುಂಠಿಗೆ ಬಂದ ಒಂದು ವರ್ಷದ ದರ ನೆಚ್ಚಿ ಸಾಲ ಮಾಡಿ ಹತ್ತು ಎಕರೆ ಗುತ್ತಿಗೆ ಹಿಡಿಯುತ್ತಾರೆ. ಹಾಸನದ ಸೀಮೆಯಲ್ಲಿ ಆಲೂಗೆಡ್ಡೆ ಬೆಳೆದವರಿಗೆ ಅಂಗಮಾರಿ ರೋಗ ಒಂದೇ ವಾರದಲ್ಲಿ ಏನು ಮಾಡಬಲ್ಲದೆಂದು ನಾನು ಹೇಳಬೇಕಿಲ್ಲ. ಇನ್ನೊಬ್ಬರು ಗಲ್ಫಿನ ಸಂಬಳ ನೆಚ್ಚುತ್ತಾರೆ. ಮತ್ತೊಬ್ಬರು ಮಗನ ಅಂಕಪಟ್ಟಿ ನೆಚ್ಚುತ್ತಾರೆ. ಬೆಳೆಯಲಿ, ದುಡಿಯಲಿ, ಓದಲಿ. ಒಂಟೆ ಕಟ್ಟಲೇಬೇಕು. ಆದರೆ ಹಗ್ಗವನ್ನೇ ದೇವರು ಮಾಡಿಕೊಳ್ಳಬಾರದು.

ಹಗ್ಗ ಕಿತ್ತುಹೋದ ದಿನ ಎರಡು ದಾರಿಗಳು ಕಾಣುತ್ತವೆ. ಒಂದು, ವಿಧಿಯನ್ನು ಶಪಿಸುತ್ತಾ ಮನೆಯವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು, ಸೋತ ಮುಖವನ್ನು ಊರಿಗೆ ತೋರಿಸಲಾರೆನೆಂದು ಬಾಗಿಲು ಹಾಕಿಕೊಳ್ಳುವುದು. ಸಾಲಕ್ಕೆ ಹೆದರಿ ಜೀವವನ್ನೇ ಕಳೆದುಕೊಂಡವರ ಸುದ್ದಿಗಳೂ ನಮ್ಮ ಕಿವಿಗೆ ಬಿದ್ದಿವೆ. ಇನ್ನೊಂದು, ವುಝೂ ಮಾಡಿ ನೆಲಕ್ಕೆ ಹಣೆಯಿಟ್ಟು, ಪ್ರಭೂ, ನನ್ನ ಕೈಲಾಗಲಿಲ್ಲ ಎಂದು ಒಪ್ಪಿಕೊಳ್ಳುವುದು. ಈ ಒಪ್ಪಿಗೆಯಲ್ಲಿ ಅವಮಾನವಿಲ್ಲ. ಮಕ್ಕಳನ್ನೇ ಒತ್ತೆಯಿಟ್ಟ ಸುಲ್ತಾನರು ಸೋಲಿನ ಮರುದಿನ ಮತ್ತೆ ಎದ್ದು ಒಂದು ಕೆರೆ, ಒಂದು ಕಟ್ಟೆ, ಒಂದು ತೋಟದ ಕೆಲಸಕ್ಕೆ ತೊಡಗಲು ಸಾಧ್ಯವಾದರೆ, ಒಂದು ಬೆಳೆ ಕಳೆದುಕೊಂಡ ನಾವೇಕೆ ಏಳಬಾರದು?

ನಿಮ್ಮ ಮನೆಯಲ್ಲಿ ಸೋತು ಕುಳಿತ ಒಬ್ಬ ಅಣ್ಣನೋ, ತಮ್ಮನೋ ಇದ್ದರೆ ಅವನನ್ನು ಲೆಕ್ಕ ಕೇಳಬೇಡಿ. ಅಂದೇ ಹೇಳಿದ್ದೆನಲ್ಲ ಎಂದು ಚುಚ್ಚಬೇಡಿ. ಹುನೈನ್‌ನಲ್ಲಿ ಚದುರಿದವರನ್ನು ಬೈದು ಓಡಿಸಲಿಲ್ಲ, ಕೂಗಿ ಕರೆದರು. ನೀವೂ ಕರೆಯಿರಿ. ನಾಳೆ ಫಜ್ರ್‌ಗೆ ಅವನನ್ನು ಎಬ್ಬಿಸಿ ಜೊತೆಯಲ್ಲಿ ಮಸೀದಿಗೆ ಕರೆದೊಯ್ಯಿರಿ.

ಮುಂದಿನ ಸಲ ರಾಮನಾಥಪುರದ ಸೇತುವೆ ದಾಟುವಾಗ ಕೆಳಗೆ ಹರಿಯುವ ನೀರನ್ನು ಒಮ್ಮೆ ನೋಡಿ. ಅದು ಒಂದು ಕಲ್ಲಿನ ಕಡೆಗೆ ಹೋಗುತ್ತಿದೆ. ನಮ್ಮ ಕೈಗೆ ಸಿಕ್ಕಿರುವುದು ಆರಂಭ ಮಾತ್ರ. ಅದನ್ನು ಚೆನ್ನಾಗಿ, ಪ್ರಾಮಾಣಿಕವಾಗಿ, ಅವನ ಹೆಸರಿನಲ್ಲಿ ಮಾಡೋಣ. ಮುಕ್ತಾಯವನ್ನು ಅದರ ಒಡೆಯನಿಗೆ ಬಿಡೋಣ.

ಅಲ್ಲಾಹನು ನಮ್ಮ ಬಲವನ್ನು ನೆಚ್ಚಿ ಬೀಗುವುದರಿಂದ ನಮ್ಮನ್ನು ಕಾಪಾಡಲಿ. ಸೋತಾಗ ಅವನ ಬಾಗಿಲನ್ನೇ ತಟ್ಟುವ ಬುದ್ಧಿಯನ್ನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.